ಪೈಲಟ್ ತರಬೇತಿಗೆ ಯಾವ ಶಾಲೆ? ದುಡ್ಡು ಕಟ್ಟುವ ಮೊದಲು ನೋಡಬೇಕಾದ್ದು

ದ್ವಿತೀಯ ಪಿಯು ಫಲಿತಾಂಶ ಬಂದ ವಾರ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ. ಸುರತ್ಕಲ್‌ನಿಂದ ಒಬ್ಬರು, ಕಾಪುವಿನಿಂದ ಒಬ್ಬರು, ಕುಂದಾಪುರದಿಂದ ಮತ್ತೊಬ್ಬರು. "ಮಗನಿಗೆ ಪೈಲಟ್ ಆಗಬೇಕಂತೆ. ಯಾವ ಶಾಲೆ ಒಳ್ಳೇದು, ಒಂದು ಹೆಸರು ಹೇಳಿ ಮಾರಾಯ್ರೇ." ಮಗಳಿಗಾಗಿ ಕೇಳುವವರೂ ಈಗೀಗ ಜಾಸ್ತಿ.

ಹೆಸರು ನಾನು ಹೇಳುವುದಿಲ್ಲ. ಹೋದ ವರ್ಷ ಚೆನ್ನಾಗಿ ನಡೆದ ಶಾಲೆಯಲ್ಲಿ ಈ ವರ್ಷ ಅರ್ಧ ವಿಮಾನ ಕೆಟ್ಟು ನಿಂತಿರಬಹುದು. ಒಳ್ಳೆಯ ಬೋಧಕರು ಬಿಟ್ಟು ಹೋಗಿರಬಹುದು. ಹೆಸರಿನ ಬದಲು ಒಂದು ಪ್ರಶ್ನೆ ಕೊಡುತ್ತೇನೆ, ಅದನ್ನು ಹಿಡಿದುಕೊಂಡು ಶಾಲೆಗೆ ಹೋಗಿ: "ನಿಮ್ಮಲ್ಲಿ ಒಬ್ಬ ವಿದ್ಯಾರ್ಥಿ ತಿಂಗಳಿಗೆ ಎಷ್ಟು ಗಂಟೆ ಹಾರುತ್ತಾನೆ?" ಈ ಲೇಖನದ ಅರ್ಧ ಭಾಗ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ನನಗೆ ಇದು ಗೊತ್ತಾಗಿದ್ದು ಅಕ್ಕನ ಮಗನ ತರಬೇತಿಯಲ್ಲಿ. ಅವನು ಸೇರಿದ ಶಾಲೆಯಲ್ಲಿ ಕಟ್ಟಡ ಚೆಂದ, ಊಟ ಚೆಂದ, ಯೂನಿಫಾರ್ಮ್ ಇನ್ನೂ ಚೆಂದ. ಆದರೆ ಒಮ್ಮೆ ಏಳು ವಾರ ಅವನು ನೆಲ ಬಿಟ್ಟು ಮೇಲೇಳಲಿಲ್ಲ. ಹಾಸ್ಟೆಲ್ ಬಿಲ್ ಮಾತ್ರ ತಪ್ಪದೆ ಬರುತ್ತಿತ್ತು.

ಮೊದಲು ಗುರಿ ಏನು ಅಂತ ತಿಳಿದುಕೊಳ್ಳೋಣ. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ್ದು ಸಿಪಿಎಲ್, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್. ಕೊಡುವುದು ಡಿಜಿಸಿಎ, ಅಂದರೆ ದೇಶದ ನಾಗರಿಕ ವಿಮಾನಯಾನದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ. ಸಿಪಿಎಲ್‌ಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಹೊಣೆ ಪೂರ್ತಿ ನಿಮ್ಮದೇ ಆಗಿರಬೇಕು. ಇದನ್ನು ಪಿಐಸಿ ಅನ್ನುತ್ತಾರೆ, ಪೈಲಟ್ ಇನ್ ಕಮಾಂಡ್. ಒಂದು ಊರಿಂದ ಇನ್ನೊಂದು ಊರಿಗೆ ಹೋಗುವ ಕ್ರಾಸ್ ಕಂಟ್ರಿ ಹಾರಾಟ, ಬರೀ ಉಪಕರಣ ನೋಡಿ ಹಾರಿಸುವುದು, ರಾತ್ರಿ ಹಾರಾಟ, ಇವಕ್ಕೆಲ್ಲ ಬೇರೆ ಬೇರೆ ಲೆಕ್ಕ ಉಂಟು. ಏರ್‌ಲೈನ್ ಕೆಲಸಕ್ಕೆ ಇದರ ಜೊತೆ ಎರಡು ಇಂಜಿನಿನ ವಿಮಾನ ಹಾರಿಸುವ ಮಲ್ಟಿ ಇಂಜಿನ್ ರೇಟಿಂಗ್, ಮೋಡದೊಳಗೂ ಉಪಕರಣ ನಂಬಿ ಹಾರಿಸುವ ಇನ್‌ಸ್ಟ್ರುಮೆಂಟ್ ರೇಟಿಂಗ್ ಎರಡೂ ಬೇಕು. ಶಾಲೆಗೆ ಸರ್ಕಾರಿ ಭಾಷೆಯಲ್ಲಿ ಎಫ್‌ಟಿಒ ಅನ್ನುತ್ತಾರೆ, ಫ್ಲೈಯಿಂಗ್ ಟ್ರೈನಿಂಗ್ ಆರ್ಗನೈಸೇಷನ್.

ಹಂತ 1: ಶಾಲೆ ಹುಡುಕುವ ಮೊದಲು ಮೆಡಿಕಲ್

ಜನ ಇದನ್ನು ಕೊನೆಗೆ ಇಡುತ್ತಾರೆ. ಇದೇ ಮೊದಲ ತಪ್ಪು. ವೈದ್ಯಕೀಯ ಪರೀಕ್ಷೆ ಎರಡು ಮಟ್ಟದ್ದು. ಮೊದಲು ಕ್ಲಾಸ್ 2, ಆಮೇಲೆ ಕ್ಲಾಸ್ 1. ಸಿಪಿಎಲ್‌ಗೆ ಕ್ಲಾಸ್ 1 ಬೇಕೇ ಬೇಕು. ಕ್ಲಾಸ್ 2 ಮಾಡುವ ವೈದ್ಯರ ಪಟ್ಟಿ ಡಿಜಿಸಿಎ ವೆಬ್‌ಸೈಟಿನಲ್ಲಿ ಇದೆ, ಹತ್ತಿರದವರನ್ನು ನೋಡಿ ಹೋಗಿ. ಸಿಕ್ಕ ಸಿಕ್ಕ ಡಾಕ್ಟರ ಬಳಿ ಮಾಡಿಸಿದರೆ ಲೆಕ್ಕಕ್ಕೆ ಬರುವುದಿಲ್ಲ. ಕ್ಲಾಸ್ 1ಕ್ಕೆ ನಮ್ಮ ಕಡೆಯವರು ಸಾಮಾನ್ಯವಾಗಿ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇರುವುದು ಅಲ್ಲಿ. ದಿನಾಂಕ ಸಿಗಲು ಕಾಯಬೇಕಾಗಬಹುದು. ಅದಕ್ಕೇ ಬೇಗ ಶುರು ಮಾಡಿ ಅನ್ನುವುದು.

ಕನ್ನಡಕ ಇದ್ದರೆ ಆಗುವುದಿಲ್ಲ ಅನ್ನುವುದು ಸುಳ್ಳು. ಕನ್ನಡಕ ಹಾಕಿದಾಗ ದೃಷ್ಟಿ ಮಿತಿಯೊಳಗೆ ಬಂದರೆ ಸಾಕು. ತೊಂದರೆ ಬರುವುದು ಬಣ್ಣ ಗುರುತಿಸುವುದರಲ್ಲಿ. ಚುಕ್ಕಿಗಳ ನಡುವೆ ಅಂಕಿ ಓದುವ ಇಶಿಹಾರ ಪರೀಕ್ಷೆ ಅಂತ ಒಂದು ಇದೆ. ಅದನ್ನು ಊರಿನ ಕಣ್ಣಿನ ಡಾಕ್ಟರ ಹತ್ತಿರ ಮೊದಲೇ ಮಾಡಿಸಿ ನೋಡಿ. ಐದು ನಿಮಿಷದ ಕೆಲಸ. ಹಣ ಕಟ್ಟಿದ ಮೇಲೆ ಹುಡುಗನಿಗೆ ಕೆಂಪು, ಹಸಿರು ಕಲಸಿ ಕಾಣುತ್ತದೆ ಅಂತ ಗೊತ್ತಾದರೆ ಆ ಹಣ ವಾಪಸ್ ತರಿಸಿಕೊಳ್ಳುವುದು ದೊಡ್ಡ ರಗಳೆ.

ಹಂತ 2: ಓದು ಮತ್ತು ಪರೀಕ್ಷೆ

ಈಗಿನ ನಿಯಮದಲ್ಲಿ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಪಾಸಾಗಿರಬೇಕು. ಕಾಮರ್ಸ್ ಓದಿದವರು ಬೇಜಾರು ಮಾಡಬೇಕಿಲ್ಲ. ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಮೂಲಕ ಆ ಎರಡು ವಿಷಯ ಬರೆದು ಬಂದವರು ಬಹಳ ಮಂದಿ ಇದ್ದಾರೆ. ವಿದ್ಯಾರ್ಥಿ ಲೈಸೆನ್ಸಿಗೆ 16 ತುಂಬಿರಬೇಕು, ಸಿಪಿಎಲ್‌ಗೆ 18.

ಡಿಜಿಸಿಎ ಪರೀಕ್ಷೆ ಬರೆಯಲು ಮೊದಲು ಕಂಪ್ಯೂಟರ್ ನಂಬರ್ ಅಂತ ಒಂದು ತೆಗೆದುಕೊಳ್ಳಬೇಕು. ಹೆಸರು ಹಾಗಿದ್ದರೂ ಅದು ಬರೀ ನಿಮ್ಮ ಪರೀಕ್ಷಾರ್ಥಿ ಸಂಖ್ಯೆ. ಅಂಕಪಟ್ಟಿ ಅಸಲಿ ಅಂತ ಪಿಯು ಮಂಡಳಿಯಿಂದ ದೃಢೀಕರಣ ಪತ್ರ ತರಬೇಕಾಗುತ್ತದೆ. ಆಧಾರ್, ಪಾಸ್‌ಪೋರ್ಟ್, ಅಂಕಪಟ್ಟಿ ಮೂರರಲ್ಲೂ ಹೆಸರು ಒಂದೇ ಥರ ಇರಲಿ. ನಮ್ಮ ಕಡೆ ಒಂದರಲ್ಲಿ ಮನೆತನದ ಹೆಸರು, ಇನ್ನೊಂದರಲ್ಲಿ ಬರೀ ಇನಿಷಿಯಲ್, ಮತ್ತೊಂದರಲ್ಲಿ ಅಪ್ಪನ ಹೆಸರು. ಇದನ್ನು ಸರಿ ಮಾಡಿಸುವುದರಲ್ಲೇ ಎರಡು ತಿಂಗಳು ಹೋಗುವುದುಂಟು.

ಪರೀಕ್ಷೆಗಳು: ಏರ್ ನ್ಯಾವಿಗೇಷನ್, ಹವಾಮಾನ, ಏರ್ ರೆಗ್ಯುಲೇಷನ್, ಟೆಕ್ನಿಕಲ್. ಪಾಸಾಗಲು ನೂರಕ್ಕೆ 70 ಬೇಕು. 35 ತೆಗೆದು ಉಸ್ಸಪ್ಪ ಅನ್ನುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ವಿಮಾನದ ರೇಡಿಯೋದಲ್ಲಿ ಮಾತಾಡಲು ಆರ್‌ಟಿಆರ್ ಅನ್ನುವ ಲೈಸೆನ್ಸ್ ಬೇರೆ.

ನನ್ನ ಸಲಹೆ ಕೇಳಿದರೆ, ಹಾರಾಟಕ್ಕೆ ದೊಡ್ಡ ಮೊತ್ತ ಕಟ್ಟುವ ಮೊದಲು ಈ ಪರೀಕ್ಷೆಗಳನ್ನು ಮುಗಿಸಿ. ಗ್ರೌಂಡ್ ಕ್ಲಾಸ್, ಅಂದರೆ ಬರೀ ಪಾಠ ಹೇಳುವ ಸಂಸ್ಥೆಗಳು ಬೆಂಗಳೂರಿನಲ್ಲಿ ಇವೆ, ಆನ್‌ಲೈನಿನಲ್ಲೂ ಇವೆ. ಖರ್ಚು ಹಾರಾಟದ ಮುಂದೆ ಏನೂ ಅಲ್ಲ. ನ್ಯಾವಿಗೇಷನ್ ಲೆಕ್ಕ ಹಾಕುತ್ತಾ ಹಾಕುತ್ತಾ "ಇದು ನನಗಲ್ಲ" ಅಂತ ಅನಿಸಿದರೆ ಸಣ್ಣ ನಷ್ಟದಲ್ಲಿ ವಾಪಸ್ ಬರಬಹುದು. ಹಾಸ್ಟೆಲಿನಲ್ಲಿ ಕೂತು, ಹಾರಾಟವೂ ಇಲ್ಲದೆ ಪರೀಕ್ಷೆಯೂ ಪಾಸಾಗದೆ ಇರುವವರ ಸ್ಥಿತಿ ನೋಡಲಾಗುವುದಿಲ್ಲ.

ಹಂತ 3: "ಏವಿಯೇಷನ್ ಕೋರ್ಸ್" ಮತ್ತು ಪೈಲಟ್ ತರಬೇತಿ ಬೇರೆ ಬೇರೆ

ಮಂಗಳೂರಿನಲ್ಲಿ ಏವಿಯೇಷನ್ ಅಂತ ಬೋರ್ಡು ಹಾಕಿದ ಸಂಸ್ಥೆ ಬೇಕಾದಷ್ಟಿವೆ. ಏವಿಯೇಷನ್ ಮ್ಯಾನೇಜ್‌ಮೆಂಟ್ ಪದವಿ, ಕ್ಯಾಬಿನ್ ಕ್ರೂ, ಗ್ರೌಂಡ್ ಸ್ಟಾಫ್ ತರಬೇತಿ. ಅವು ಕೆಟ್ಟವು ಅಂತ ಅಲ್ಲ, ಅದಕ್ಕೆ ತಕ್ಕ ಕೆಲಸ ಇದೆ. ಆದರೆ ಮೂರು ವರ್ಷ ಓದಿದ ಮೇಲೂ ಒಂದು ನಿಮಿಷದ ಹಾರಾಟವೂ ಲೆಕ್ಕಕ್ಕೆ ಏರುವುದಿಲ್ಲ. ಬಜ್ಪೆಯ ರನ್‌ವೇ ಮನೆಯ ಹತ್ತಿರವೇ ಇದೆ, ಅಲ್ಲೇ ಕಲಿಸುತ್ತಾರಾ ಅಂತ ಕೇಳುವವರಿದ್ದಾರೆ. ಇಲ್ಲ. ಮಂಗಳೂರಿನಲ್ಲಾಗಲೀ ಉಡುಪಿಯಲ್ಲಾಗಲೀ ಸಿಪಿಎಲ್ ಹಾರಾಟ ಕಲಿಸುವ ಶಾಲೆ ಇಲ್ಲ. ಮಗು ಊರು ಬಿಡಲೇಬೇಕು.

ರಾಜ್ಯದೊಳಗೆ ನೋಡುವುದಾದರೆ ಬೆಂಗಳೂರಿನ ಜಕ್ಕೂರಿನಲ್ಲಿ 1949ರಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಮೈಸೂರು, ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಖಾಸಗಿಯವರು ತರಬೇತಿ ಕೊಡುತ್ತಾರೆ. ಕೇಂದ್ರ ಸರ್ಕಾರದ ಇಂದಿರಾಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿದೆ, ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು.

ಹವಾಮಾನವನ್ನೂ ಲೆಕ್ಕಕ್ಕೆ ತನ್ನಿ. ಮಳೆ ಅಂದರೆ ಏನು ಅಂತ ಕರಾವಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ತರಬೇತಿಯ ಸಣ್ಣ ವಿಮಾನಗಳನ್ನು ಹೆಚ್ಚಾಗಿ ಹೊರಗೆ ನೋಡಿಕೊಂಡೇ ಹಾರಿಸುವುದು. ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು. ಉತ್ತರ ಭಾರತದಲ್ಲಿ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಮಂಜು ಮುಸುಕಿ ಅರ್ಧ ದಿನ ಹಾಳಾಗುತ್ತದೆ. ಪಶ್ಚಿಮ ಘಟ್ಟದ ಮಗ್ಗುಲಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಕಷ್ಟ. ಒಣ ಪ್ರದೇಶದಲ್ಲಿ ಮಳೆಯ ತೊಂದರೆ ಕಡಿಮೆ, ಆದರೆ ಏಪ್ರಿಲ್, ಮೇ ಮಧ್ಯಾಹ್ನ ಬಿಸಿಗಾಳಿಗೆ ವಿಮಾನ ಕುಲುಕಾಡುತ್ತದೆ. ವರ್ಷ ಪೂರ್ತಿ ಒಳ್ಳೆಯ ಹವೆ ಇರುವ ಊರು ಎಲ್ಲೂ ಇಲ್ಲ. "ಕಳೆದ ಜುಲೈಯಲ್ಲಿ ಎಷ್ಟು ದಿನ ಹಾರಿದಿರಿ?" ಅಂತ ಸೀದಾ ಕೇಳಿ.

ಹಂತ 4: ಪಟ್ಟಿ ಮತ್ತು ಶ್ರೇಣಿ

ಡಿಜಿಸಿಎ ಮಾನ್ಯತೆ ಪಡೆದ ಶಾಲೆಗಳ ಪಟ್ಟಿ ಅದರ ವೆಬ್‌ಸೈಟಿನಲ್ಲೇ ಸಿಗುತ್ತದೆ. ಶಾಲೆಯ ಹೆಸರು, ನೆಲೆ, ಮಾನ್ಯತೆ ಎಲ್ಲಿಯವರೆಗೆ, ಮೂರನ್ನೂ ನೋಡಿ. ಜಾಹೀರಾತಿನಲ್ಲಿ ಒಂದು ಊರು, ಪಟ್ಟಿಯಲ್ಲಿ ಇನ್ನೊಂದು ಊರು ಇದ್ದರೆ ಕಾರಣ ಕೇಳಿ.

2025ರ ಅಕ್ಟೋಬರ್‌ನಿಂದ ಡಿಜಿಸಿಎ ಶಾಲೆಗಳಿಗೆ ಶ್ರೇಣಿ ಕೊಡಲು ಶುರು ಮಾಡಿದೆ. ವರ್ಷಕ್ಕೆ ಎರಡು ಸಲ. ಮೊದಲ ಪಟ್ಟಿಯಲ್ಲಿ ಮೇಲಿನ ಎರಡು ಶ್ರೇಣಿಯಲ್ಲಿ ಒಂದು ಶಾಲೆಯೂ ಇರಲಿಲ್ಲ, ಎಲ್ಲವೂ ಬಿ ಮತ್ತು ಸಿ. ಇದನ್ನು ಕಂಡು ಗಾಬರಿಯಾದ ಅಪ್ಪಂದಿರು ಇದ್ದಾರೆ. ಗಾಬರಿ ಬೇಡ. ಶ್ರೇಣಿಯನ್ನು ಜಾಲರಿ ಥರ ಬಳಸಿ: ಕೆಳಗಿರುವ ಶಾಲೆಯನ್ನು ಬಿಡಲು ಅದು ಸಾಕು, ಮೇಲಿರುವ ಶಾಲೆಗೆ ಕಣ್ಣು ಮುಚ್ಚಿ ಹಣ ಕಟ್ಟಲು ಸಾಲದು.

ಹಂತ 5: ಗಂಟೆಯ ಲೆಕ್ಕ

ಒಂದು ಪೆನ್ನು, ಕಾಗದ ತೆಗೆದುಕೊಳ್ಳಿ. ಒಂದು ಶಾಲೆ ಹೇಳುತ್ತದೆ: "ನಮ್ಮಲ್ಲಿ 10 ವಿಮಾನ ಇದೆ. 12 ತಿಂಗಳಲ್ಲಿ ಮುಗಿಸುತ್ತೇವೆ."

ಹತ್ತರಲ್ಲಿ ಹಾರುವುದು ಎಷ್ಟು? ಹೋಗಿ ನೋಡಿದರೆ ಎರಡಕ್ಕೆ ಇಂಜಿನ್ ಇಲ್ಲ, ಒಂದು ಬಿಡಿಭಾಗಕ್ಕೆ ಕಾಯುತ್ತಾ ಕೂತಿದೆ, ಒಂದು ತಪಾಸಣೆಯಲ್ಲಿದೆ. ಉಳಿದದ್ದು ಆರು. ತರಬೇತಿ ವಿಮಾನಕ್ಕೆ 50 ಗಂಟೆಗೆ, 100 ಗಂಟೆಗೆ ಅಂತ ತಪಾಸಣೆ ಕಡ್ಡಾಯ. ದಿನಕ್ಕೆ ಮೂರು ಗಂಟೆ ಹಾರುವ ವಿಮಾನ ತಿಂಗಳಿಗೊಮ್ಮೆ ದೊಡ್ಡ ತಪಾಸಣೆಗೆ ಹೋಗುತ್ತದೆ ಅಂತಾಯಿತು. ಸುಮಾರು 2000 ಗಂಟೆಗೆ ಇಂಜಿನ್ ಪೂರ್ತಿ ಬಿಚ್ಚಿ ಓವರ್‌ಹಾಲ್ ಮಾಡಬೇಕು, ಅದು ವಾಪಸ್ ಬರಲು ತಿಂಗಳುಗಟ್ಟಲೆ.

ಆರು ವಿಮಾನ, ಒಂದೊಂದು ತಿಂಗಳಿಗೆ 60 ಗಂಟೆ ಹಾರಿತು ಅಂತ ಇಟ್ಟುಕೊಳ್ಳಿ. ಒಟ್ಟು 360 ಗಂಟೆ. ಹಾರಾಟಕ್ಕೆ ಕಾಯುತ್ತಿರುವ ವಿದ್ಯಾರ್ಥಿಗಳು 45. ಒಬ್ಬರಿಗೆ ತಿಂಗಳಿಗೆ 8 ಗಂಟೆ. 200 ಗಂಟೆಯನ್ನು 8ರಿಂದ ಭಾಗಿಸಿ. 25 ತಿಂಗಳು.

12 ತಿಂಗಳಲ್ಲಿ ಮುಗಿಯಬೇಕಾದರೆ ತಿಂಗಳಿಗೆ ಹತ್ತಿರ ಹತ್ತಿರ 17 ಗಂಟೆ ಬೇಕು. 360 ಗಂಟೆಯಲ್ಲಿ ಹಾಗೆ ಹಾರಬಲ್ಲವರು 21 ಜನ ಮಾತ್ರ. ಉಳಿದ 24 ಮಂದಿ ಹಾಸ್ಟೆಲಿನಲ್ಲಿ ಕ್ಯಾರಂ ಆಡುತ್ತಿರುತ್ತಾರೆ. ಶಾಲೆಯವರು ಸುಳ್ಳು ಹೇಳಿದ್ದಾರಾ? ಇಲ್ಲ. 10 ವಿಮಾನ ಇರುವುದು ನಿಜ, 12 ತಿಂಗಳಲ್ಲಿ ಮುಗಿಸಿದವನು ಒಬ್ಬ ಇದ್ದಾನೆ ಅನ್ನುವುದೂ ನಿಜ. ಲೆಕ್ಕ ಹಾಕದೆ ನಂಬಿದ್ದು ನಾವು.

ಈ ಲೆಕ್ಕಕ್ಕೆ ನಾಲ್ಕು ಅಂಕಿ ಕೇಳಿ ಬರೆದುಕೊಳ್ಳಿ: ಇವತ್ತು ಹಾರಲು ಯೋಗ್ಯವಾಗಿರುವ ವಿಮಾನ ಎಷ್ಟು, ಕಳೆದ ಮೂರು ತಿಂಗಳಲ್ಲಿ ಶಾಲೆ ಒಟ್ಟು ಹಾರಿದ ಗಂಟೆ ಎಷ್ಟು, ಹಾರಾಟ ಬಾಕಿ ಇರುವ ವಿದ್ಯಾರ್ಥಿಗಳು ಎಷ್ಟು, ನಿಮ್ಮ ಜೊತೆ ಈ ಬ್ಯಾಚಿಗೆ ಸೇರುವವರು ಎಷ್ಟು. "ಅದೆಲ್ಲ ನಿಮಗ್ಯಾಕೆ ಸಾರ್, ನಾವು ನೋಡಿಕೊಳ್ಳುತ್ತೇವೆ" ಅಂದರೆ ಎದ್ದು ಬನ್ನಿ.

ಎರಡು ಇಂಜಿನಿನ ವಿಮಾನದ ಬಗ್ಗೆ ಬೇರೆಯಾಗಿ ಕೇಳಬೇಕು. ಹೆಚ್ಚಿನ ಶಾಲೆಗಳಲ್ಲಿ ಅಂಥದ್ದು ಒಂದೇ ಇರುತ್ತದೆ. ಹುಡುಗ 185 ಗಂಟೆ ಮುಗಿಸಿ ಕೊನೆಯ 15 ಗಂಟೆಗೆ ಬರುವಾಗ ಆ ಒಂದು ವಿಮಾನ ಕೆಟ್ಟಿದ್ದರೆ ಅಲ್ಲಿಗೆ ಎಲ್ಲ ನಿಂತಿತು. ಲೈಸೆನ್ಸಿನ ಹಾರಾಟ ಪರೀಕ್ಷೆಗಳು ಅರ್ಜಿ ಹಾಕುವ ಹಿಂದಿನ ಆರು ತಿಂಗಳೊಳಗೆ ಆಗಿರಬೇಕು. ಕಾಯುತ್ತಾ ಕೂತರೆ ಆ ಅವಧಿ ದಾಟಿ ಮತ್ತೆ ಹಾರಿ ತೋರಿಸಬೇಕಾಗುತ್ತದೆ, ಅದಕ್ಕೆ ಮತ್ತೆ ದುಡ್ಡು.

ರಾತ್ರಿ ಹಾರಾಟವೂ ಹಾಗೇ. 5 ಗಂಟೆ ಬೇಕು, 10 ಸಲ ಮೇಲೇರಿ 10 ಸಲ ಇಳಿಯಬೇಕು. ರನ್‌ವೇಗೆ ದೀಪ ಇದೆಯಾ? ಇದ್ದರೂ ಕತ್ತಲಾದ ಮೇಲೆ ನಿಲ್ದಾಣ ತೆರೆದಿರುತ್ತದಾ? ಇಲ್ಲದಿದ್ದರೆ ಬೇರೆ ಊರಿಗೆ ಕಳಿಸುತ್ತಾರೆ, ಆ ಖರ್ಚು ಯಾರದು? ಇಂಧನದ ವಿಷಯ ಒಂದೇ ಮಾತಿನಲ್ಲಿ: ಸಣ್ಣ ವಿಮಾನ ಬಹಳಷ್ಟು ಓಡುವುದು ಏವಿಗ್ಯಾಸ್ ಅನ್ನುವ ವಿಶೇಷ ಪೆಟ್ರೋಲಿನಲ್ಲಿ, ಅದು ಎಲ್ಲಾ ಕಡೆ ಸಿಗುವ ಸರಕಲ್ಲ, ದಾಸ್ತಾನು ಕೇಳಿ.

ಹಂತ 6: ಬೆಳಗ್ಗೆ ಆರಕ್ಕೆ ಹೋಗಿ ನಿಂತು ನೋಡಿ

ಶಾಲೆಯವರು ಸಾಮಾನ್ಯವಾಗಿ 11 ಗಂಟೆಗೆ ಬನ್ನಿ ಅನ್ನುತ್ತಾರೆ. ಆಗ ಹೋದರೆ ಎಸಿ ರೂಮು, ಚಹಾ, ಪ್ರೊಜೆಕ್ಟರಿನಲ್ಲಿ ವಿಡಿಯೋ. ನೀವು ಹಿಂದಿನ ರಾತ್ರಿಯೇ ಆ ಊರಿಗೆ ಹೋಗಿ ಉಳಿದುಕೊಳ್ಳಿ. ಬೆಳಗಿನ ತಂಪು ಹೊತ್ತು ಗಾಳಿ ಕಡಿಮೆ, ಆಗಲೇ ಹೆಚ್ಚು ಹಾರಾಟ. ಅನುಮತಿ ಕೇಳಿ, ಹ್ಯಾಂಗರ್ ಹತ್ತಿರ ನಿಂತು ಎಣಿಸಿ. ಎಷ್ಟು ವಿಮಾನ ಹೊರಗೆ ಬಂತು, ಎಷ್ಟು ಮೇಲೇರಿತು. ವಿಮಾನದ ಬಾಲದ ಕಡೆ ವಿಟಿ ಅಂತ ಶುರುವಾಗುವ ಅಕ್ಷರ ಇರುತ್ತದೆ, ಅದು ನಮ್ಮ ಕೆಎ 19, ಕೆಎ 20ರ ಹಾಗೆ ನೋಂದಣಿ. ಬರೆದುಕೊಳ್ಳಿ. ಟೈರಿನಲ್ಲಿ ಗಾಳಿ ಇಲ್ಲದ್ದು, ಗಾಜಿನ ಮೇಲೆ ಧೂಳು ಕೂತದ್ದು, ಇಂಜಿನ್ ಇರಬೇಕಾದ ಜಾಗಕ್ಕೆ ಟಾರ್ಪಾಲು ಸುತ್ತಿದ್ದು, ಇವೆಲ್ಲ "10 ವಿಮಾನ"ದೊಳಗೆ ಸೇರಿರುತ್ತವೆ.

ಆಮೇಲೆ ಕ್ಯಾಂಟೀನಿಗೆ ಹೋಗಿ. ವಿದ್ಯಾರ್ಥಿಗಳು ಅಲ್ಲಿ ಸಿಗುತ್ತಾರೆ, ಮಾತಾಡಿಸಿ. ನಮ್ಮ ಕಡೆಯ ಹುಡುಗ ಒಬ್ಬ ಇದ್ದರೆ ತುಳುವಿನಲ್ಲಿ ಎರಡು ಮಾತು ಕೇಳಿ ನೋಡಿ. ಆಫೀಸಿನಲ್ಲಿ ಸಿಗದ ಉತ್ತರ ಎಲ್ಲ ಅಲ್ಲಿ ಸಿಗುತ್ತದೆ. ಅವನ ಲಾಗ್‌ಬುಕ್ ತೋರಿಸಲು ಒಪ್ಪಿದರೆ ಇನ್ನೂ ಒಳ್ಳೆಯದು.

ಲಾಗ್‌ಬುಕ್ ಅಂದರೆ ಹಾರಾಟದ ಲೆಕ್ಕದ ಪುಸ್ತಕ. ಒಂದೊಂದು ಸಾಲು ಒಂದೊಂದು ಹಾರಾಟ: ದಿನಾಂಕ, ವಿಮಾನದ ಮಾದರಿ, ನೋಂದಣಿ, ಎಲ್ಲಿಂದ ಎಲ್ಲಿಗೆ, ಬೋಧಕರ ಜೊತೆಗೋ ಒಬ್ಬನೇಯೋ, ಎಷ್ಟು ಹೊತ್ತು. ನೀವು ಮೊದಲು ದಿನಾಂಕದ ಕಾಲಂ ಅನ್ನು ಮೇಲಿಂದ ಕೆಳಗೆ ಓದಿ. 3, 4, 6, 7, 9 ಅಂತ ಹೋದರೆ ಶಾಲೆ ಚೆನ್ನಾಗಿದೆ. 3, 4 ಆದ ಮೇಲೆ 22 ಬಂದರೆ ಏನಾಯಿತು ಅಂತ ಕೇಳಿ. ಒಮ್ಮೆ ಮಳೆ ಇರಬಹುದು, ಒಮ್ಮೆ ಜ್ವರ ಇರಬಹುದು. ಪುಟ ಪುಟದಲ್ಲೂ ಅದೇ ಆದರೆ ಅದು ಜ್ವರ ಅಲ್ಲ. ಹದಿನೈದು ದಿನ ಬಿಟ್ಟು ಹಾರಿದವನು ಕಲಿತದ್ದರಲ್ಲಿ ಒಂದಷ್ಟು ಮರೆತಿರುತ್ತಾನೆ, ಮೊದಲ ಒಂದು ಗಂಟೆ ಹಳೆಯದನ್ನೇ ನೆನಪು ಮಾಡುವುದರಲ್ಲಿ ಹೋಗುತ್ತದೆ. ಆ ಗಂಟೆಗೂ ನೀವೇ ದುಡ್ಡು ಕೊಡುವುದು.

ಸಮಯ ಎಣಿಸುವ ಕ್ರಮವನ್ನೂ ಕೇಳಿ. ವಿಮಾನ ನಿಂತಲ್ಲಿಂದ ಅಲುಗಿದ ಕ್ಷಣದಿಂದ ವಾಪಸ್ ಬಂದು ನಿಲ್ಲುವವರೆಗೆ ಹಾರಾಟದ ಸಮಯವೇ. ದೊಡ್ಡ ವಿಮಾನಗಳು ಬಂದು ಹೋಗುವ ನಿಲ್ದಾಣದಲ್ಲಿ ನಿಮ್ಮ ಹುಡುಗ ಸರದಿಗಾಗಿ ಇಂಜಿನ್ ಚಾಲೂ ಇಟ್ಟು ಕಾಯುತ್ತಿರುತ್ತಾನೆ, ಮೀಟರ್ ಓಡುತ್ತಿರುತ್ತದೆ. ಹಾಗಂತ ಯಾರೂ ಬಾರದ ಒಂಟಿ ಏರ್‌ಸ್ಟ್ರಿಪ್ ಒಳ್ಳೆಯದಾ? ಅಲ್ಲಿ ಗಂಟೆ ಬೇಗ ಏರುತ್ತದೆ, ಆದರೆ ಕಂಟ್ರೋಲ್ ಟವರ್ ಜೊತೆ ಮಾತಾಡುವ ರೂಢಿ ಆಗುವುದಿಲ್ಲ. ನನಗೆ ಕೇಳಿದರೆ ದಿನಕ್ಕೆ ನಾಲ್ಕೈದು ಏರ್‌ಲೈನ್ ವಿಮಾನ ಬರುವ ಮಧ್ಯಮ ನಿಲ್ದಾಣ ಹದವಾಗಿರುತ್ತದೆ.

ಹಂತ 7: ಬೋಧಕರು ಮತ್ತು ಸುರಕ್ಷತೆ

ಶಾಲೆಯ ತಲೆ ಸಿಎಫ್‌ಐ, ಮುಖ್ಯ ಹಾರಾಟ ಬೋಧಕರು. ಅವರ ಕೆಳಗೆ ಎಫ್‌ಐ, ಅಂದರೆ ಬೋಧಕರು, ಮತ್ತು ಎಎಫ್‌ಐ, ಸಹಾಯಕ ಬೋಧಕರು. ಸಹಾಯಕ ಬೋಧಕರಲ್ಲಿ ಹೆಚ್ಚಿನವರು ಗಂಟೆ ಕೂಡಿಸಿಕೊಂಡು ಏರ್‌ಲೈನಿಗೆ ಹೋಗಲು ಕಾಯುತ್ತಿರುವ ಹುಡುಗರೇ. ಅದು ತಪ್ಪಲ್ಲ, ಆದರೆ ಏರ್‌ಲೈನ್ ನೇಮಕಾತಿ ಶುರುವಾದ ಕೂಡಲೇ ಒಂದೇ ತಿಂಗಳಲ್ಲಿ ನಾಲ್ಕು ಜನ ಖಾಲಿ. ವರ್ಷದಲ್ಲಿ ಎಷ್ಟು ಬೋಧಕರು ಬಿಟ್ಟರು, ಹಿರಿಯರು ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ.

ಸುರಕ್ಷತೆಯ ಮಾತು ಬಂದಾಗ ಮಂಗಳೂರಿನ ಯಾವ ಮನೆಯಲ್ಲೂ 2010ರ ಮೇ 22 ನೆನಪಾಗದೆ ಇರುವುದಿಲ್ಲ. ಬಜ್ಪೆಯಲ್ಲಿ ಇಳಿದ ವಿಮಾನ ರನ್‌ವೇ ದಾಟಿ ಬಿದ್ದು 158 ಜನ ಹೋದರು. ಆ ದುರಂತದ ತನಿಖೆ ಹೇಳಿದ್ದು ಇದು: ಇಳಿಯುವ ದಾರಿ ಸರಿ ಇಲ್ಲ ಅಂತ ಗೊತ್ತಾದರೂ, ಸಹ ಪೈಲಟ್ ಮತ್ತೆ ಮತ್ತೆ ಎಚ್ಚರಿಸಿದರೂ ಕ್ಯಾಪ್ಟನ್ ಇಳಿಸುವುದನ್ನು ಬಿಡಲಿಲ್ಲ. ಮೇಲೇರಿ ಒಂದು ಸುತ್ತು ಬಂದು ಮತ್ತೆ ಪ್ರಯತ್ನಿಸುವುದಕ್ಕೆ ಗೋ ಅರೌಂಡ್ ಅನ್ನುತ್ತಾರೆ. ಅದನ್ನು ಸಂಕೋಚವಿಲ್ಲದೆ ಮಾಡುವ ಅಭ್ಯಾಸ ಬೀಳುವುದು ಈ ಶಾಲೆಗಳಲ್ಲೇ, ಮೊದಲ 50 ಗಂಟೆಯೊಳಗೆ. ಹಾಗಾಗಿ ಕ್ಯಾಂಟೀನಿನಲ್ಲಿ ಸಿಕ್ಕ ಹುಡುಗನಿಗೆ ಇನ್ನೊಂದು ಪ್ರಶ್ನೆ ಕೇಳಿ: "ನೀನು ಗೋ ಅರೌಂಡ್ ಮಾಡಿದಾಗ ಬೋಧಕರು ಏನಂದರು?" "ಸರಿ ಮಾಡಿದೆ ಅಂದರು" ಅಂದರೆ ಒಳ್ಳೆಯದು. "ಟೈಮ್ ವೇಸ್ಟ್ ಅಂತ ಬೈದರು" ಅಂದರೆ ಅಲ್ಲಿ ಮಗುವನ್ನು ಬಿಡಬೇಡಿ. ಸಣ್ಣ ಪುಟ್ಟ ಅಪಘಾತ ಯಾವ ಶಾಲೆಯಲ್ಲೂ ಆಗಬಹುದು. ಆದದ್ದನ್ನು ಮುಚ್ಚಿಡುತ್ತಾರಾ, ಆಮೇಲೆ ಏನು ಬದಲಿಸಿದರು ಅಂತ ಹೇಳುತ್ತಾರಾ ನೋಡಿ.

"ಗಂಟೆ ಸ್ವಲ್ಪ ಅಡ್ಜಸ್ಟ್ ಮಾಡಿ ಕೊಡುತ್ತೇವೆ" ಅನ್ನುವವರು ಸಿಕ್ಕರೆ ಓಡಿ. ಹಾರದ ಗಂಟೆಯನ್ನು ಪೆನ್ನಿನಲ್ಲಿ ಬರೆದ ಲಾಗ್‌ಬುಕ್ ಎಂದಾದರೂ ಸಿಕ್ಕಿಬೀಳುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಲೈಸೆನ್ಸ್ ಪಡೆದವರ ವಿಷಯ ಹೊರಗೆ ಬಂದಾಗ ಬಂಧನದವರೆಗೆ ಹೋಯಿತು.

ಹಂತ 8: ದುಡ್ಡು, ಕರಾರು, ಸಾಲ

ಎಲ್ಲಾ ಸೇರಿ ಭಾರತದಲ್ಲಿ 45ರಿಂದ 60 ಲಕ್ಷ ಅಂತ ಅಂದಾಜು ಇಟ್ಟುಕೊಳ್ಳಿ. ಏರ್‌ಲೈನಿಗೆ ಹೋಗುವಾಗ ಒಂದು ನಿರ್ದಿಷ್ಟ ದೊಡ್ಡ ವಿಮಾನಕ್ಕೆ ಟೈಪ್ ರೇಟಿಂಗ್ ಅಂತ ಬೇರೆ ತರಬೇತಿ, ಅದಕ್ಕೂ ಲಕ್ಷಗಳಲ್ಲೇ. ಅದನ್ನು ಮರೆತು ಬಜೆಟ್ ಮಾಡಿದವರು ಲೈಸೆನ್ಸ್ ಕೈಯಲ್ಲಿ ಹಿಡಿದು ಮನೆಯಲ್ಲಿ ಕೂರುತ್ತಾರೆ.

ಒಂದೇ ಕಂತಿನಲ್ಲಿ ಕಟ್ಟಿದರೆ ಎರಡು ಲಕ್ಷ ರಿಯಾಯಿತಿ ಅನ್ನುತ್ತಾರೆ. ಬೇಡ. ಇದು ನನ್ನ ಬಲವಾದ ಅಭಿಪ್ರಾಯ. ಕಂತು ತಿಂಗಳ ಲೆಕ್ಕದಲ್ಲೂ ಬೇಡ, ಹಾರಿದ ಗಂಟೆಯ ಲೆಕ್ಕದಲ್ಲಿ ಇರಲಿ. ಇಷ್ಟು ಗಂಟೆ ಮುಗಿದ ಮೇಲೆ ಮುಂದಿನ ಕಂತು. ಹಾರಿಸದೆ ಇದ್ದರೆ ಅವರಿಗೂ ದುಡ್ಡು ಬರುವುದಿಲ್ಲ, ಆಗ ವಿಮಾನ ತನ್ನಿಂದ ತಾನೇ ರಿಪೇರಿ ಆಗುತ್ತದೆ. ನಗಬೇಡಿ, ನಿಜ ಹೇಳುತ್ತಿದ್ದೇನೆ.

ಕರಾರಿನಲ್ಲಿ ಬರಹದಲ್ಲಿ ಇರಬೇಕಾದ್ದು: ಎರಡು ಇಂಜಿನ್ ವಿಮಾನದ ಗಂಟೆ ಸೇರಿದೆಯಾ, ಇಂಧನದ ಬೆಲೆ ಏರಿದರೆ ಯಾರು ಕೊಡುವುದು, 200 ಗಂಟೆ ಮೀರಿದರೆ ಗಂಟೆಗೆ ಎಷ್ಟು, ಪರೀಕ್ಷಾ ಹಾರಾಟದ ಶುಲ್ಕ, ಹಾಸ್ಟೆಲ್, ವಿಮೆ, ಮಧ್ಯದಲ್ಲಿ ಬಿಟ್ಟರೆ ಹಾರದ ಗಂಟೆಯ ಹಣ ಎಷ್ಟು ದಿನದಲ್ಲಿ ವಾಪಸ್. ಮಾತಲ್ಲಿ ಹೇಳಿದ್ದಕ್ಕೆ ಬೆಲೆ ಇಲ್ಲ. ಬಿಲ್ಲಿನಲ್ಲಿ ಹಾರಾಟ ತರಬೇತಿಯ ಮೇಲೆ ಜಿಎಸ್‌ಟಿ ಸೇರಿಸಿದ್ದರೆ ಪ್ರಶ್ನಿಸಿ. ಡಿಜಿಸಿಎ ಮಾನ್ಯತೆಯ ಶಾಲೆಗಳ ಮಾನ್ಯ ತರಬೇತಿ ಕೋರ್ಸುಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ ಅಂತ 2024ರಲ್ಲಿ ಸರ್ಕಾರವೇ ಸ್ಪಷ್ಟ ಮಾಡಿದೆ.

ಬ್ಯಾಂಕುಗಳ ತವರು ನಮ್ಮದು, ಆದರೂ ಸಾಲಕ್ಕೆ ಅಲೆದಾಟ ತಪ್ಪಿದ್ದಲ್ಲ. ಏಳೂವರೆ ಲಕ್ಷದ ಮೇಲೆ ಹೋದರೆ ಸಾಮಾನ್ಯವಾಗಿ ಜಾಗ ಅಡವು ಇಡಬೇಕು. ಇಲ್ಲಿ ನಮ್ಮ ಜಿಲ್ಲೆಯ ರಗಳೆಗಳು ಶುರು. ತೋಟದ ಪಕ್ಕದ ಕುಮ್ಕಿ ಜಾಗವನ್ನು ಲೆಕ್ಕಕ್ಕೆ ಸೇರಿಸಬೇಡಿ, ಅದು ಸರ್ಕಾರದ್ದು, ನಿಮಗಿರುವುದು ಸೊಪ್ಪು ಸೌದೆಯ ಹಕ್ಕು. ವರ್ಗ ಜಾಗ, ಅಂದರೆ ಸ್ವಂತ ಪಟ್ಟಾ ಜಾಗವೇ ಆದರೂ ಅಜ್ಜನ ಹೆಸರಲ್ಲೇ ಇದ್ದು ಪಾಲು ಆಗಿಲ್ಲ ಅಂದರೆ ಮುಂಬೈಯಲ್ಲಿರುವ ಚಿಕ್ಕಪ್ಪನ ಸಹಿಯೂ ಬೇಕು. ಕೃಷಿ ಜಾಗ ಬೇಡ, ಕನ್ವರ್ಷನ್ ಆದದ್ದು ತನ್ನಿ ಅನ್ನುವ ಬ್ಯಾಂಕೂ ಉಂಟು. ಹಾಗಾಗಿ ಆರ್‌ಟಿಸಿ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋಗುವುದು ಶಾಲೆಗೆ ಮುಂಗಡ ಕೊಡುವ ಮೊದಲು ಆಗಬೇಕು. ಕಂತಿನ ಕ್ರಮವನ್ನೂ ಅವರಿಗೆ ತೋರಿಸಿ, ಸಾಲ ಬಿಡುಗಡೆ ಅದಕ್ಕೆ ಹೊಂದಬೇಕು.

ತಡವಾದರೆ ಏನಾಗುತ್ತದೆ ಅಂತ ಒಂದು ಉದಾಹರಣೆ. 40 ಲಕ್ಷ ಸಾಲಕ್ಕೆ 11 ಶೇಕಡಾ ಬಡ್ಡಿ ಅಂದರೆ ತಿಂಗಳಿಗೆ 36 ಸಾವಿರಕ್ಕೂ ಜಾಸ್ತಿ. 12 ತಿಂಗಳ ತರಬೇತಿ 25 ತಿಂಗಳಾದರೆ ಬಡ್ಡಿಯಲ್ಲೇ ಸುಮಾರು ನಾಲ್ಕೂಮುಕ್ಕಾಲು ಲಕ್ಷ ಹೆಚ್ಚು. ಎರಡು ಲಕ್ಷದ ರಿಯಾಯಿತಿ ಎಲ್ಲಿಗೆ ಹೋಯಿತು ನೋಡಿ.

ಹಂತ 9: ವಿದೇಶ, ಕೆಡೆಟ್

ಅಮೆರಿಕ, ದಕ್ಷಿಣ ಆಫ್ರಿಕ, ನ್ಯೂಜಿಲೆಂಡ್ ಅಂತ ಹೋಗುವವರಿದ್ದಾರೆ. ಅಲ್ಲಿ ಗಂಟೆ ಬೇಗ ಮುಗಿಯುತ್ತದೆ, ಅದು ನಿಜ. ಆದರೆ ಆ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಿಸಬೇಕು. ಡಿಜಿಸಿಎ ಪರೀಕ್ಷೆ, ಕ್ಲಾಸ್ 1, ಇಲ್ಲಿ ಮತ್ತೆ ಕೆಲವು ಹಾರಾಟ, ಇವು ತಪ್ಪುವುದಿಲ್ಲ. ಕೆಲವು ದೇಶದಲ್ಲಿ 200ಕ್ಕಿಂತ ಕಡಿಮೆ ಗಂಟೆಗೇ ಲೈಸೆನ್ಸ್ ಸಿಗುತ್ತದೆ, ಅದನ್ನು ಹಿಡಿದು ಬಂದರೆ ಬಾಕಿ ಗಂಟೆ ಇಲ್ಲಿ ಹಾರಬೇಕು. ಹೊರಡುವ ಮೊದಲು ಇಲ್ಲಿಯ ಪರೀಕ್ಷೆ ಪಾಸು ಮಾಡಿ ಹೋದವರೇ ಜಾಣರು. ಏಜೆಂಟ್ ಮಾತು ಎಷ್ಟು ಸಿಹಿಯೋ ಅಷ್ಟು ಅನುಮಾನ ಪಡಿ.

ಕೆಡೆಟ್ ಯೋಜನೆ ಅಂದರೆ ಏರ್‌ಲೈನ್ ಕಂಪನಿ ಮೊದಲೇ ಆಯ್ಕೆ ಮಾಡಿ ತನ್ನ ಜೊತೆಗಾರ ಶಾಲೆಯಲ್ಲಿ ಕಲಿಸುವುದು. ಖರ್ಚು ಒಂದು ಕೋಟಿ ದಾಟುವುದುಂಟು. ಕೆಲಸದ ಭರವಸೆ ಪತ್ರ ಕೊಡುತ್ತಾರೆ, ಅದರ ಕೆಳಗಿನ ಷರತ್ತುಗಳನ್ನು ವಕೀಲರ ಹತ್ತಿರ ಓದಿಸಿ.

ಹಂತ 10: ಸೇರಿದ ಮೇಲೆ

ಪ್ರತಿ ತಿಂಗಳ ಕೊನೆಗೆ ಮಗುವಿಗೆ ಲಾಗ್‌ಬುಕ್ ಪುಟಗಳ ಫೋಟೋ ತೆಗೆದು ಮನೆಗೆ ಕಳಿಸಲು ಹೇಳಿ. ಶಾಲೆಯ ಬಿಲ್ಲು ಪಕ್ಕದಲ್ಲಿ ಇಟ್ಟು ಗಂಟೆ ತಾಳೆ ನೋಡಿ. ಮೂರು ತಿಂಗಳ ಸರಾಸರಿ 10 ಗಂಟೆಗಿಂತ ಕೆಳಗೆ ಇಳಿದರೆ ಸಿಎಫ್‌ಐಗೆ ಇಮೇಲ್ ಬರೆಯಿರಿ, ಫೋನಿನಲ್ಲಿ ಮಾತಾಡಿ ಬಿಡಬೇಡಿ. ಮೂಲ ಪುಸ್ತಕ ಕಳೆದುಹೋದರೆ ಆ ಫೋಟೋಗಳೇ ನಿಮ್ಮ ಆಧಾರ. ಬೋಧಕರ ಸಹಿ ಬಾಕಿ ಇರುವ ಸಾಲು ಕಂಡರೆ ಅದೇ ವಾರ ಹಾಕಿಸಿಕೊಳ್ಳಬೇಕು. ಅವರು ಕೆಲಸ ಬಿಟ್ಟು ಏರ್‌ಲೈನ್ ಸೇರಿದ ಮೇಲೆ ಒಂದು ಸಹಿಗಾಗಿ ದೆಹಲಿಗೋ ಹೈದರಾಬಾದಿಗೋ ಹೋಗಬೇಕಾಗುತ್ತದೆ.